ಅಕ್ಕಸಾಲಿಗರ ಗುಲಗಂಜಿ ಮತ್ತು ಅಂಟುವಾಳ



ಬಾಲ್ಯದಲ್ಲಿ ತಂದೆಯವರೊಡನೆ ಶಿಕಾರಿಪುರದ ಅಕ್ಕಸಾಲಿಗರೊಬ್ಬರ ಅಂಗಡಿಗೆ ಹೋಗುತ್ತಿದ್ದೆ. ಅವರ ಮಣೆಯ ಒಂದು ಬದಿಗೆ ಚಿನ್ನ ತೂಗುವ ಗುಲಗಂಜಿ, ಇನ್ನೊಂದು ಬದಿಗೆ ಒಡವೆ ತೊಳೆಯಲು ನೆನೆಸಿಟ್ಟ ಅಂಟುವಾಳದ ಕಾಯಿ. ಈಚೆಗೆ ಸೊರಬದ ಬಂಧುವೊಬ್ಬರು ಫೋನ್ ಮಾಡಿ, "ಭಾವ, ಗುಲಗಂಜಿಗೆ ಅಂಟುವಾಳದ ನೊರೆ ಸೇರಿಸಿ ಕೊಟ್ಟರೆ ಕ್ಯಾನ್ಸರ್ ವಾಸಿಯಾಗುತ್ತದಂತೆ, ಅರೆದು ಕೊಡಲೇ?" ಎಂದು ಕೇಳಿದರು. ಅವರ ಮನೆಯಲ್ಲಿ ರೋಗಿಯಿದ್ದಾರೆ. "ಖಂಡಿತ ಬೇಡ" ಎಂದೆ. ಆ ಮಾತಿನ ಹಿಂದಿರುವ ಚರಿತ್ರೆಯನ್ನು ಇಲ್ಲಿ ಬರೆದಿದ್ದೇನೆ.

1888ರಲ್ಲಿ ಡಾರ್ಪಾಟ್ ವಿಶ್ವವಿದ್ಯಾಲಯದ ಸ್ಟಿಲ್‌ಮಾರ್ಕ್ ಹರಳುಬೀಜದ ವಿಷವನ್ನು ಬೇರ್ಪಡಿಸಿ, ಅದು ಪ್ರೋಟೀನೆಂದು ತೋರಿಸಿ, ರಿಸಿನ್ ಎಂದು ಹೆಸರಿಟ್ಟನು. ಗುಲಗಂಜಿಯ ಅಬ್ರಿನ್ ಅದರ ಸೋದರ. 1891ರಲ್ಲಿ ಪಾಲ್ ಎರ್ಲಿಖ್ ಇವೆರಡನ್ನೂ ಇಲಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿ ಕೊಡುತ್ತ ಬಂದು, ರೋಗನಿರೋಧಕ ಶಕ್ತಿಯ ಮರ್ಮವನ್ನು ಅರಿಯಲು ಯತ್ನಿಸಿದನು. 1987ರಲ್ಲಿ ಜಪಾನಿನ ಎಂಡೊ ಮತ್ತು ಸಂಗಡಿಗರು ರಿಸಿನ್ನಿನ ಕೃತ್ಯವನ್ನು ಬಯಲಿಗೆಳೆದರು: ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮಿನಿಂದ ಒಂದೇ ಒಂದು ಅಡೆನಿನ್ ಕಳಚಿದರೆ ಸಾಕು, ಇಡೀ ಕಾರ್ಖಾನೆ ನಿಂತುಹೋಗುತ್ತದೆ!

ಇಂಥ ವಿಷವನ್ನು ಕ್ಯಾನ್ಸರ್ ಕೋಶಕ್ಕೆ ಮಾತ್ರ ಉಣಿಸಬಾರದೇಕೆ? ಅದಕ್ಕಾಗಿ ವಿಜ್ಞಾನಿಗಳು ವಿಷದ ಪ್ರೋಟೀನನ್ನು, ಕ್ಯಾನ್ಸರ್ ಕೋಶವನ್ನು ಗುರುತಿಸುವ ಪ್ರತಿಕಾಯಕ್ಕೆ ಜೋಡಿಸಿದರು. ಆದರೆ ಕೋಶದೊಳಗೆ ಹೋದ ವಿಷವು ಒಂದು ಪುಟ್ಟ ಚೀಲದಲ್ಲೇ ಸಿಕ್ಕಿ ಬಹುಪಾಲು ನಾಶವಾಗುತ್ತಿತ್ತು. ಇಲ್ಲಿ ನೆರವಿಗೆ ಬಂದದ್ದು ನೊರೆಯ ದ್ರವ್ಯವಾದ ಸಪೋನಿನ್. ಯುರೋಪಿನ ಗೋಧಿಹೊಲದ ಕಳೆಯಾದ ಅಗ್ರೊಸ್ಟೆಮ್ಮದ ಬೀಜದಲ್ಲಿ ವಿಷಪ್ರೋಟೀನು, ಸಪೋನಿನ್ ಎರಡೂ ಇವೆ. ಕೂಡಿದಾಗ ಅವುಗಳ ಶಕ್ತಿ ಹೆಚ್ಚುವುದನ್ನು 2003ರಲ್ಲಿ ಬರ್ಲಿನ್ನಿನ ಸಂಶೋಧಕರು ಪ್ರಕಟಿಸಿದರು. ಚೀಲದಲ್ಲಿ ಸಿಕ್ಕಿದ ಪ್ರೋಟೀನು ಹೊರಬರಲು ಸಪೋನಿನ್ ದಾರಿ ಮಾಡಿಕೊಡುತ್ತದೆ. ಮುಂದಿನ ಪ್ರಯೋಗಗಳಲ್ಲಿ ಪರಿಣಾಮವು ಸಾವಿರ ಪಟ್ಟಿಗೂ ಮೀರಿ ಹೆಚ್ಚಿದ್ದುಂಟು.

ಆದರೆ ಈ ಗುಣ ಎಲ್ಲ ಸಪೋನಿನ್‌ಗಳಿಗೂ ಇಲ್ಲ. ನಿರ್ದಿಷ್ಟ ರಚನೆಯುಳ್ಳವಕ್ಕೆ ಮಾತ್ರ. ಸಪೋನಿನ್ ರಕ್ತಕ್ಕೆ ಸೇರಿದರೆ ಕೆಂಪುಕಣಗಳನ್ನೂ ಒಡೆಯಬಲ್ಲದು. ಅರೆದ ಗುಲಗಂಜಿಗೆ ಮಾರ್ಗದರ್ಶಿ ಪ್ರತಿಕಾಯವೂ ಇಲ್ಲ. ಅದು ರೋಗದ ಕೋಶ, ಆರೋಗ್ಯದ ಕೋಶ ಎಂದು ಭೇದವೆಣಿಸದು. ಜಗಿದು ನುಂಗಿದ ಒಂದೆರಡು ಬೀಜವೂ ಪ್ರಾಣಾಂತಕವಾಗಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಬ್ರಿನ್ನನ್ನು ತಡೆಯುವ ಪ್ರತಿಕಾಯದ ಬಗ್ಗೆ ಸಂಶೋಧನೆ ನಡೆದದ್ದು ಈ ಭಯದಿಂದಲೇ.

ನನ್ನ ಬಂಧು ಕೊನೆಗೆ ಬೀಜಗಳನ್ನು ಎಸೆದು, ವೈದ್ಯರು ಹೇಳಿದ ಚಿಕಿತ್ಸೆಗೇ ಹೊರಟರು. ಅಕ್ಕಸಾಲಿಗರು ಗುಲಗಂಜಿಯನ್ನು ತೂಕಕ್ಕೆ, ಅಂಟುವಾಳವನ್ನು ತೊಳೆಯಲು ಬಳಸಿದರೇ ಹೊರತು ಬಾಯಿಗಿಡಲಿಲ್ಲ. ಆ ವಿವೇಕ ನಮಗೂ ಇರಲಿ.