ಚುಕ್ಕಾಣಿ ಹಗುರಾಯಿತು, ಹೊಣೆ ಹಗುರಾಗಲಿಲ್ಲ

ಪುತ್ತಿಗೆಗೆ ಕಡಲಿಲ್ಲ. ಆದರೂ ಹಡಗಿನ ಚರಿತ್ರೆಯನ್ನು ನಾವು ಪುತ್ತಿಗೆಯಿಂದಲೇ ಶುರು ಮಾಡಬಹುದು. ಮೂಡುಬಿದಿರೆಗೆ ಹೋಗುವ ಮೊದಲು ಚೌಟ ಅರಸರ ರಾಜಧಾನಿ ಇದ್ದದ್ದು ಇಲ್ಲಿ. ಅವರ ಕಡಲ ಬಾಗಿಲು ಉಳ್ಳಾಲ. 16ನೇ ಶತಮಾನದಲ್ಲಿ ಪೋರ್ಚುಗೀಸರಿಗೆ ಕಪ್ಪ ಕೊಡಲು ಒಪ್ಪದೆ ಹೋರಾಡಿದ ರಾಣಿ ಅಬ್ಬಕ್ಕ ಇದೇ ಮನೆತನದವರು. ಕರಾವಳಿಯ ಕರಿಮೆಣಸು, ಅಕ್ಕಿ ಹಾಯಿಹಡಗು ಹತ್ತಿ ಅರಬ್ ನಾಡಿಗೆ ಹೋಗುತ್ತಿದ್ದ ಕಾಲ ಅದು.

ಆಗ ಚಿಕ್ಕ ದೋಣಿಗೆ ಹುಟ್ಟೇ ಚುಕ್ಕಾಣಿ. ದೊಡ್ಡ ಹಡಗಿಗೆ ಹಿಂಬದಿಯಲ್ಲಿ ಚುಕ್ಕಾಣಿ ಹಲಗೆ, ಅದನ್ನು ತಿರುಗಿಸಲು ಮರದ ಹಿಡಿಕೋಲು. ಬಲವೆಲ್ಲ ಮನುಷ್ಯನ ತೋಳಿನದ್ದು. ಕೋಲು ಬಿರುಕು ಬಿಟ್ಟರೆ ಕಣ್ಣಿಗೆ ಕಾಣುತ್ತಿತ್ತು, ಹಗ್ಗ ಸವೆದರೆ ಕೈಗೆ ಗೊತ್ತಾಗುತ್ತಿತ್ತು.

ಹಡಗು ದೊಡ್ಡದಾದಂತೆ ತೋಳು ಸಾಲಲಿಲ್ಲ. 1867ರಲ್ಲಿ ಇಂಗ್ಲೆಂಡಿನ ‘ಗ್ರೇಟ್ ಈಸ್ಟರ್ನ್’ ಎಂಬ ಭಾರೀ ಹಡಗಿಗೆ ಉಗಿಯಂತ್ರದ ಸ್ಟೇರಿಂಗ್ ಕೂರಿಸಿದರು. ಮುಂದೆ ಉಗಿಯ ಜಾಗಕ್ಕೆ ಎಣ್ಣೆ ಬಂತು. ಇದರ ಕೆಲಸ ನಮ್ಮೂರಿನ ಜೆಸಿಬಿಯ ಕೈ ಎತ್ತುವ ಹಾಗೆಯೇ. ಪಂಪು ಎಣ್ಣೆಯನ್ನು ಪೈಪಿನಲ್ಲಿ ದೂಡುತ್ತದೆ, ಎಣ್ಣೆ ಸಿಲಿಂಡರಿನ ರಾಡನ್ನು ದೂಡುತ್ತದೆ, ರಾಡು ಚುಕ್ಕಾಣಿಯನ್ನು ತಿರುಗಿಸುತ್ತದೆ. ಭಾರ ಮನುಷ್ಯನ ತೋಳಿನಿಂದ ಇಳಿದು ಎಣ್ಣೆಯ ಮೇಲೆ ಬಿತ್ತು. ತೊಂದರೆ ಮಾತ್ರ ಪೈಪಿನೊಳಗೆ ಅಡಗಿ ಕುಳಿತಿತು.

ಅಡಗಿದ್ದು ಹೊರಬಂದರೆ ಏನಾಗುತ್ತದೆಂದು 1978ರ ಮಾರ್ಚ್ 16ರಂದು ಜಗತ್ತು ನೋಡಿತು. ಫ್ರಾನ್ಸಿನ ಕರಾವಳಿಯ ಹತ್ತಿರ ‘ಅಮೋಕೊ ಕಾಡಿಜ್’ ಎಂಬ ತೈಲಹಡಗಿನ ಸ್ಟೇರಿಂಗ್ ಪೈಪಿನ ಜೋಡಣೆ ಕಿತ್ತುಹೋಗಿ ಎಣ್ಣೆ ಸೋರಿತು. ಚುಕ್ಕಾಣಿ ಮಾತು ಕೇಳಲಿಲ್ಲ. ಬಿರುಗಾಳಿಯಲ್ಲಿ ಹಡಗು ಬಂಡೆಗೆ ಬಡಿದು, ಸುಮಾರು 2.2 ಲಕ್ಷ ಟನ್ ಕಚ್ಚಾ ತೈಲ ಕಡಲಿಗೆ ಸೇರಿತು. ಅಲ್ಲಿನ ಮೀನುಗಾರರ ಬದುಕು ಮುಳುಗಿತು. ಸ್ಟೇರಿಂಗನ್ನು ಸರಿಯಾಗಿ ನೋಡಿಕೊಳ್ಳದ್ದು ಕಂಪನಿಯ ತಪ್ಪೆಂದು 1984ರಲ್ಲಿ ಅಮೆರಿಕದ ನ್ಯಾಯಾಲಯ ಹೇಳಿತು.

ಇದು ದೂರದ ದೊಡ್ಡ ಹಡಗಿನ ಕತೆ ಅಂತ ಬಿಡುವಂತಿಲ್ಲ. ಮಂಗಳೂರು ಧಕ್ಕೆಯಲ್ಲಾಗಲಿ ಮಲ್ಪೆಯಲ್ಲಾಗಲಿ, ಹೈಡ್ರಾಲಿಕ್ ಸ್ಟೇರಿಂಗ್ ಇರುವ ಬೋಟಿಗೂ ಇದೇ ನಿಯಮ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ನೋಡಿಕೊಳ್ಳಲು ಅದೇ ಹದವಾದ ಸಮಯ.

ಮೊದಲು ಟ್ಯಾಂಕಿನ ಎಣ್ಣೆ ನೋಡಿ. ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ನೊರೆ ಬಂದರೆ ಗಾಳಿ ಹೊಕ್ಕಿದೆ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಆದ್ದರಿಂದಲೇ ಚಕ್ರ ತಿರುಗಿಸಿದರೂ ಬೋಟು ತಡವಾಗಿ ತಿರುಗುತ್ತದೆ. ಆಗ ಒಬ್ಬರು ಚಕ್ರ ನಿಧಾನ ತಿರುಗಿಸಿ, ಇನ್ನೊಬ್ಬರು ಸಿಲಿಂಡರಿನ ನಿಪ್ಪಲ್ ಸಡಿಲಿಸಿ ಗಾಳಿ ತೆಗೆಯಬೇಕು. ಟ್ಯಾಂಕಿನ ಎಣ್ಣೆ ಅಷ್ಟರಲ್ಲಿ ಖಾಲಿಯಾಗಬಾರದು.

ಎಣ್ಣೆ ಪದೇ ಪದೇ ಇಳಿಯುತ್ತಿದ್ದರೆ ಬರೀ ತುಂಬಿಸಿ ಸುಮ್ಮನಾಗಬೇಡಿ, ಸೋರುವ ಜಾಗ ಹುಡುಕಿ. ಉಪ್ಪುನೀರಿಗೆ ರಾಡು ತುಕ್ಕು ಹಿಡಿದರೆ ಆ ಒರಟು ಸೀಲನ್ನು ಕೊಯ್ಯುತ್ತದೆ. ಸಿಹಿನೀರಿನಲ್ಲಿ ಒರೆಸುವುದು ಐದು ನಿಮಿಷದ ಕೆಲಸ. ಬಿರುಕು ಬಿಟ್ಟ ಹೋಸನ್ನು ಬದಲಿಸಿ. ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಿ.

ಪೋರ್ಚುಗೀಸರಿಗೆ ಮಣಿಯದ ರಾಣಿಯ ಹೆಸರನ್ನು 2012ರಲ್ಲಿ ಕೋಸ್ಟ್ ಗಾರ್ಡಿನ ಗಸ್ತು ಹಡಗಿಗೆ ಇಟ್ಟರು. ಅಂಥ ಹಡಗಿನಲ್ಲೂ ಯಂತ್ರ ಕೈಕೊಟ್ಟರೆ ಬೇರೆ ದಾರಿ ಇಟ್ಟುಕೊಳ್ಳಲೇಬೇಕು. ಬೋಟಿನಲ್ಲಿ ಆ ದಾರಿ ಹಳೆಯ ಹಿಡಿಕೋಲೇ. ಅದನ್ನು ಬಲೆಯ ರಾಶಿಯಡಿ ಹಾಕದೆ ಕೈಗೆ ಸಿಗುವಲ್ಲಿ ಇಡಿ. ನಮ್ಮ ಊರುಗಳಿಂದ ಬೋಟಿನ ಕೆಲಸಕ್ಕೆ ಹೋಗುವ ಹುಡುಗರಿಗೂ ಇಷ್ಟನ್ನು ಹೇಳಿ ಕಳಿಸಿ. ದಡದಲ್ಲಿ ಬಿಟ್ಟ ಒಂದು ಬೋಲ್ಟಿನ ಲೆಕ್ಕವನ್ನು ಕಡಲು ಕೇಳುತ್ತದೆ.