ನೀರಗಂಟಿಗೆ ಯಾರೂ ಹೇಳಲಿಲ್ಲ

ಒಬ್ಬನನ್ನು ಅವನ ಕೆಲಸದಿಂದ ತೆಗೆಯುವುದರಲ್ಲಿ ಎರಡು ರೀತಿಗಳುಂಟು. ಕರೆದು ಹೇಳಿ ತೆಗೆಯುವುದು ಒಂದು. ಹೇಳದೆಯೇ ತೆಗೆಯುವುದು ಇನ್ನೊಂದು. ಮೊದಲನೆಯದಕ್ಕೆ ಇತಿಹಾಸದಲ್ಲಿ ದಾಖಲೆಯಿರುತ್ತದೆ. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡಾಗ, ಕಾರಣಗಳನ್ನು ಹೇಳಿ ಅರಸರಿಗೆ ಪತ್ರ ಬರೆದ. ಕಾರಣಗಳು ನ್ಯಾಯವಾಗಿದ್ದುವೆ ಎಂಬುದು ಬೇರೆ ಮಾತು. ಪತ್ರವೊಂದು ಇದ್ದುದರಿಂದ ಅರಸರಿಗೆ ಉತ್ತರ ಕೊಡಲು ಎಡೆಯಿತ್ತು. ಮೂರು ದಶಕಗಳಿಗೂ ಮಿಕ್ಕಿ ಅವರು ತಮ್ಮ ಹಕ್ಕಿಗಾಗಿ ವಾದಿಸುತ್ತಲೇ ಇದ್ದರು. ಎರಡನೆಯ ರೀತಿಯಲ್ಲಿ ಪತ್ರವಿಲ್ಲ, ತಾರೀಖಿಲ್ಲ. ಹಾಗೆ ಕೆಲಸ ಕಳೆದುಕೊಂಡವನು ಯಾರೊಡನೆ ವಾದಿಸಬೇಕು? ಅಂಥವನೊಬ್ಬನ ಕಥೆಯನ್ನು ನಾನು ಈ ಹೊತ್ತು ಹೇಳಬಯಸುತ್ತೇನೆ. ಅವನು ಅರಸನಲ್ಲ, ಊರ ಕೆರೆಯ ನೀರಗಂಟಿ.

ಬೆಂಗಳೂರಿನ ಪೂರ್ವಕ್ಕೆ, ಕೃಷ್ಣರಾಜಪುರ ಹೋಬಳಿಗೆ ಸೇರಿದ ದೊಡ್ಡನೆಕ್ಕುಂದಿಯನ್ನು ಇಂದು ಜನ ಬಲ್ಲುದು ಹೊರವರ್ತುಲ ರಸ್ತೆಯಿಂದ, ಕೈಗಾರಿಕಾ ಪ್ರದೇಶದಿಂದ, ಗಾಜಿನ ಗೋಡೆಗಳ ಕಚೇರಿಗಳಿಂದ. ಆದರೆ ಊರಿಗೊಂದು ದೊಡ್ಡ ಕೆರೆಯಿದೆ. ದಕ್ಷಿಣ ಪಿನಾಕಿನಿಯ ಕಡೆಗೆ ನೀರು ಹರಿಯುವ ಈ ಸೀಮೆಯಲ್ಲಿ ಕೆರೆಯಿಲ್ಲದ ಊರು ಅಪರೂಪ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯಲ್ಲಿ ಇಳಿದು ಕೆಳಗಿನ ಊರಿನ ಕೆರೆಯನ್ನು ಸೇರುತ್ತಿತ್ತು. ಮೈಸೂರು ಸೀಮೆಯಲ್ಲಿ ಹೊಸದಾಗಿ ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟ ಎಂಬ ಅರ್ಥದ ಮಾತನ್ನು 1866ರಲ್ಲಿ ಮುಖ್ಯ ಎಂಜಿನಿಯರ್ ಸ್ಯಾಂಕಿ ಬರೆದದ್ದು ಸುಮ್ಮನೆ ಅಲ್ಲ.

ಕೆರೆಯನ್ನು ಕಟ್ಟಿದವರ ಹೆಸರು ಶಾಸನಗಳಲ್ಲಿ ಸಿಗುತ್ತದೆ. ಅದನ್ನು ಕಾಪಾಡುವುದಕ್ಕೆಂದು ಬಿಟ್ಟ ಭೂಮಿಗೆ ಬಿತ್ತುವಟ್ಟ, ಕೆರೆಗೊಡಗೆ, ದಸವಂದ ಎಂಬ ಹೆಸರುಗಳಿದ್ದುವು. ಏರಿಗೆ ಮಣ್ಣು ಹೊರುವ ಬಂಡಿಗಾಗಿ ದತ್ತಿ ಬಿಟ್ಟ ಶಾಸನಗಳೂ ಉಂಟು. ನಮ್ಮ ಹಿರಿಯರು ಕೆರೆಯನ್ನು ಒಮ್ಮೆ ಕಟ್ಟಿ ಮುಗಿಸುವ ಕಟ್ಟಡವೆಂದು ತಿಳಿದಿರಲಿಲ್ಲ. ವರ್ಷ ವರ್ಷವೂ ಮಾಡಬೇಕಾದ ಕೆಲಸವೆಂದು ತಿಳಿದಿದ್ದರು. ಆ ಕೆಲಸದ ದೈನಂದಿನ ಪಾಲು ನೀರಗಂಟಿಯದು.

ತೂಬನ್ನು ಎತ್ತುವವನು, ಮುಚ್ಚುವವನು ಅವನೇ. ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಹಾಯಿಸುವುದು, ಕಾಲುವೆಯ ಹೂಳು ತೆಗೆಯುವುದು, ಏರಿಯಲ್ಲಿ ಇಲಿ ಏಡಿಗಳು ಕೊರೆದ ಬಿಲಗಳನ್ನು ಕಂಡು ಮುಚ್ಚುವುದು, ಮಳೆಯ ರಾತ್ರಿಯಲ್ಲಿ ಕೋಡಿಯ ಬಳಿ ಕಾವಲಿರುವುದು ಅವನ ಹೊಣೆ. ನೀರು ಕಡಿಮೆಯಾದ ವರ್ಷ ಯಾವ ಬಯಲಿಗೆ ಎಷ್ಟು ಎಂದು ಊರವರು ಕೂಡಿ ತೀರ್ಮಾನಿಸಿದರೆ, ಆ ತೀರ್ಮಾನವನ್ನು ಗುದ್ದಲಿ ಹಿಡಿದು ನಡೆಸುವವನು ಅವನು. ಗದ್ದೆಯ ಒಡೆಯ ಎಷ್ಟು ದೊಡ್ಡವನಾದರೂ ತಾನೇ ಹೋಗಿ ತೂಬಿಗೆ ಕೈಹಾಕುವಂತಿರಲಿಲ್ಲ.

ಇದಕ್ಕೆ ಪ್ರತಿಫಲ ಸಂಬಳವಲ್ಲ, ಆಯ. ಶಾನುಭೋಗ, ಪಟೇಲ, ತಳವಾರ, ತೋಟಿ, ಕಮ್ಮಾರ, ಬಡಗಿ ಮೊದಲಾದ ಆಯಗಾರರ ಸಾಲಿನಲ್ಲಿ ನೀರಗಂಟಿಯೂ ಒಬ್ಬ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವನ ಪಾಲು ಅಳೆದು ಕೊಡುತ್ತಿದ್ದರು; ಜೊತೆಗೆ ಚಾಕರಿಗೆಂದು ಒಂದಿಷ್ಟು ಇನಾಮು ಭೂಮಿ. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ರಾಶಿ ಹಂಚುವ ಈ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಸರಕಾರದ ಪಾಲು ಎಷ್ಟೆಂದು ಲೆಕ್ಕ ಹಾಕುವ ಮೊದಲೇ ಊರ ಚಾಕರಿಯವರ ಪಾಲು ರಾಶಿಯಿಂದ ಹೊರಬರುತ್ತಿದ್ದ ಪದ್ಧತಿ ಅದು.

ಈ ವ್ಯವಸ್ಥೆಯನ್ನು ಹೊಗಳಲು ನಾನು ಹೊರಟಿಲ್ಲ. ನೀರಗಂಟಿಯ ಚಾಕರಿ ವಂಶಪಾರಂಪರ್ಯದ್ದು. ಬೆಂಗಳೂರು, ಕೋಲಾರ ಸೀಮೆಗಳಲ್ಲಿ ಬಹುಮಟ್ಟಿಗೆ ದಲಿತ ಕುಟುಂಬಗಳ ಪಾಲಿಗೆ ಬಂದದ್ದು. ಊರ ನೀರನ್ನೆಲ್ಲ ಹಂಚುವವನಿಗೆ ಊರ ಬಾವಿಯಲ್ಲಿ ನೀರು ಸೇದುವ ಹಕ್ಕಿರಲಿಲ್ಲವೆಂಬ ಮಾತು ಎಷ್ಟೋ ಹಳ್ಳಿಗಳಿಗೆ ಸಲ್ಲುತ್ತದೆ. ಇಂಥ ಚಾಕರಿಯು ಗೌರವದ ವೇಷದಲ್ಲಿರುವ ದಾಸ್ಯವೆಂಬುದನ್ನು ಡಾ. ಅಂಬೇಡ್ಕರ್ ಸ್ಪಷ್ಟವಾಗಿ ಕಂಡಿದ್ದರು. ಆಗ ಬೆಳಗಾವಿ, ಧಾರವಾಡ, ವಿಜಯಪುರಗಳನ್ನೂ ಒಳಗೊಂಡಿದ್ದ ಮುಂಬಯಿ ಪ್ರಾಂತದ ಶಾಸನಸಭೆಯಲ್ಲಿ ಅವರು 1928ರಲ್ಲಿ ವತನು ಕಾಯಿದೆಯ ತಿದ್ದುಪಡಿಗಾಗಿ ಮಸೂದೆ ತಂದರು. ಚಾಕರಿ ಹೋಗಲಿ, ಆದರೆ ಅದರ ಭೂಮಿ ದುಡಿದವನ ಹಕ್ಕಾಗಿ ಉಳಿಯಲಿ. ಚಾಕರಿ ಬೇಕಾದರೆ ಸರಕಾರ ಅದಕ್ಕೆ ಹಣ ಕೊಡಲಿ ಎಂಬುದು ಅವರ ವಾದದ ತಿರುಳು. ಅಂದರೆ, ಬಿಡಿಸುವುದಾದರೆ ಲೆಕ್ಕ ಚುಕ್ತಾ ಮಾಡಿ ಬಿಡಿಸಿ ಎಂಬುದು.

ಹಳೆಯ ಮೈಸೂರಿನಲ್ಲಿ ಈ ಚಾಕರಿಗಳು 1908ರ ಗ್ರಾಮ ಹುದ್ದೆಗಳ ಕಾಯಿದೆಯ ಚೌಕಟ್ಟಿಗೆ ಬಂದಿದ್ದುವು. ಸ್ವಾತಂತ್ರ್ಯಾನಂತರ, ವಂಶಪಾರಂಪರ್ಯದ ಹುದ್ದೆಗಳು ಪ್ರಜಾಪ್ರಭುತ್ವಕ್ಕೆ ಒಪ್ಪುವಂಥವಲ್ಲವೆಂಬ ನ್ಯಾಯವಾದ ತಿಳಿವಳಿಕೆಯಿಂದ 1961ರಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಾಯಿತು. 1963ರ ಫೆಬ್ರವರಿ 1ರಂದು ಅದು ಜಾರಿಗೆ ಬಂತು. ಅಂದು ಬೆಳಗಾಗುವಷ್ಟರಲ್ಲಿ ಶಾನುಭೋಗ ಶಾನುಭೋಗನಲ್ಲ, ಪಟೇಲ ಪಟೇಲನಲ್ಲ, ನೀರಗಂಟಿ ನೀರಗಂಟಿಯಲ್ಲ.

ಕಾಯಿದೆಯ ದೃಷ್ಟಿಯಲ್ಲಿ ಮೂವರೂ ಸಮಾನರು. ಆದರೆ ಮೂವರಿಗೂ ಸುದ್ದಿ ತಲುಪಿದ ಬಗೆ ಸಮಾನವಾಗಿರಲಿಲ್ಲ. ಶಾನುಭೋಗ ಓದು ಬಲ್ಲವನು. ತಾಲ್ಲೂಕು ಕಚೇರಿಯ ಒಡನಾಟವಿದ್ದವನು. ಅವನ ಜಾಗಕ್ಕೆ ಸರಕಾರ ಸಂಬಳದ ಗ್ರಾಮಲೆಕ್ಕಿಗರನ್ನು ತಂದಿತು. ಅರ್ಹತೆಯಿದ್ದ ಹಳಬರಿಗೆ ಅಲ್ಲಿಯೂ ಒಂದು ಬಾಗಿಲು ತೆರೆದಿತ್ತು. ಪಟೇಲರೂ ಶಾನುಭೋಗರೂ ಕೂಡಿ ಈ ಕಾಯಿದೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಹುದ್ದೆಯನ್ನು ರದ್ದುಪಡಿಸುವ ಅಧಿಕಾರ ಸರಕಾರಕ್ಕುಂಟೆಂದು 1966ರಲ್ಲಿ ತೀರ್ಪಾಯಿತು. ಸೋತರು, ನಿಜ. ಆದರೆ ತಮ್ಮ ಮಾತನ್ನು ದೇಶದ ಅತ್ಯುನ್ನತ ಪೀಠದ ಮುಂದೆ ಹೇಳಿ ಸೋತರು. ಸಾಹಿತ್ಯದಲ್ಲಿಯೂ ಹೀಗೆಯೇ. 1942ರ ‘ಮೈಸೂರ ಮಲ್ಲಿಗೆ’ಯಲ್ಲಿ ಶಾನುಭೋಗರ ಮಗಳಿಗೊಂದು ಕವಿತೆಯುಂಟು, ನೀರಗಂಟಿಯ ಮನೆಗೆ ನಮ್ಮ ಕವಿಗಳು ಅಷ್ಟಾಗಿ ಹೋದವರಲ್ಲ.

ರಾಜ್ಯಪತ್ರದಲ್ಲಿ ಪ್ರಕಟವಾದರೆ ಎಲ್ಲರಿಗೂ ತಿಳಿಸಿದಂತೆ ಎಂಬುದು ಆಡಳಿತದ ನಂಬಿಕೆ. ತೂಬಿನ ಬಳಿ ನಿಂತವನು ರಾಜ್ಯಪತ್ರ ಓದುವವನಲ್ಲ. ಮರುದಿನವೂ ಗದ್ದೆಗೆ ನೀರು ಬೇಕಾಗಿತ್ತು. ಅವನು ಎಂದಿನಂತೆ ಹೋಗಿ ತೂಬು ಎತ್ತಿದ. ಆ ಸುಗ್ಗಿಯಲ್ಲಿ ಹಲವರು ಎಂದಿನಂತೆ ಆಯ ಕೊಟ್ಟರು. ಎಷ್ಟೋ ಹಳ್ಳಿಗಳಲ್ಲಿ ಕಾಯಿದೆಯ ಅನಂತರವೂ ಬಹುಕಾಲ ನೀರಗಂಟಿ ಉಳಿದ. ಆದರೆ ಉಳಿದದ್ದು ಹಕ್ಕಿನಿಂದಲ್ಲ, ರೂಢಿಯಿಂದ. ಕೊಡಲೇಬೇಕಾಗಿದ್ದ ಪಾಲು ಈಗ ಕೊಟ್ಟರೆ ಕೊಡಬಹುದಾದ ಪಾಲಾಯಿತು. ಒಬ್ಬ ಕೊಡಲಿಲ್ಲವೆಂದರೆ ಕೇಳುವ ಕಚೇರಿಯಿಲ್ಲ.

ಅಲ್ಲಿಂದ ಮುಂದೆ ಒಂದೊಂದಾಗಿ ಅವನ ಸುತ್ತಲಿನ ಆಸರೆಗಳು ಕಳಚಿದುವು. ಸಣ್ಣ ಕೆರೆಗಳು ಪಂಚಾಯಿತಿಗೆ, ದೊಡ್ಡವು ಇಲಾಖೆಗೆ ಹೋದುವು; ಮರಾಮತ್ತು ಗುತ್ತಿಗೆಯ ಮಾತಾಯಿತು. ಕೊಳವೆ ಬಾವಿ ಬಂದ ಮೇಲೆ ಅನುಕೂಲವಂತ ರೈತನಿಗೆ ತೂಬಿನ ಸರದಿ ಕಾಯುವ ಗರಜು ಉಳಿಯಲಿಲ್ಲ. 1974ರಲ್ಲಿ ಬೆಂಗಳೂರಿಗೆ ಕಾವೇರಿ ಬಂದಳು. ಹತ್ತಿರದ ಕೆರೆಯ ನೀರನ್ನು ನಂಬಬೇಕಾದ ಅಗತ್ಯ ನಗರಕ್ಕೆ ಇನ್ನಷ್ಟು ಕಡಿಮೆಯಾಯಿತು. ದೊಡ್ಡನೆಕ್ಕುಂದಿಯ ಸುತ್ತಣ ಜಮೀನು ಕಾರ್ಖಾನೆಗೆ, ಬಡಾವಣೆಗೆ, ರಸ್ತೆಗೆ, ಅನಂತರ ಕಂಪ್ಯೂಟರ್ ಕಂಪನಿಗಳಿಗೆ ಹೋಯಿತು. ಕೈಗಾರಿಕೆಗಾಗಿ ಜಮೀನು ವಶಪಡಿಸಿಕೊಳ್ಳುವಾಗ ಅದರ ಒಡೆಯನಿಗೂ ಅನುಭೋಗದಾರನಿಗೂ ನೋಟಿಸು ಕೊಡಬೇಕೆಂದು 1966ರ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯಿದೆ ಹೇಳುತ್ತದೆ. ಗದ್ದೆಯವನಿಗೆ ನೋಟಿಸು ಬಂತು, ಪರಿಹಾರ ಬಂತು. ಗದ್ದೆಗೆ ನೀರು ಹಾಯಿಸುತ್ತಿದ್ದವನ ಹೆಸರು ಪಹಣಿಯಲ್ಲಿ ಎಲ್ಲಿತ್ತು? ಅಚ್ಚುಕಟ್ಟೇ ಇಲ್ಲವಾದ ಮೇಲೆ ತೂಬು ಎತ್ತಿ ಯಾರಿಗೆ ನೀರು ಬಿಡಬೇಕು?

ಇನಾಮು ಭೂಮಿಯ ಕಥೆಯನ್ನೂ ಹೇಳಬೇಕು. ರದ್ದಾದ ಹುದ್ದೆಯ ಭೂಮಿಯನ್ನು ಸರಕಾರ ವಶಕ್ಕೆ ತೆಗೆದುಕೊಂಡು, ಹುದ್ದೆಯಲ್ಲಿದ್ದವನಿಗೇ ಮರುಮಂಜೂರು ಮಾಡಬೇಕೆಂದು ಕಾಯಿದೆ ವಿಧಿಸಿತು. ಇದು ಒಳ್ಳೆಯ ಏರ್ಪಾಡು. ಆದರೆ ಮರುಮಂಜೂರಾತಿ ತಾನಾಗಿ ಮನೆಗೆ ಬರುವುದಲ್ಲ. ಕಾಗದ ಬೇಕು, ಹಣ ಕಟ್ಟಬೇಕು, ಕಚೇರಿಗೆ ಅಲೆಯಬೇಕು. ಭೂಮಿ ಕೈಬಿಟ್ಟು ಹೋಗುವುದನ್ನು ತಡೆಯಲು 1978ರಲ್ಲಿ ತಿದ್ದುಪಡಿ ತಂದು ಹದಿನೈದು ವರ್ಷ ಪರಭಾರೆಯನ್ನು ನಿಷೇಧಿಸಬೇಕಾಯಿತೆಂಬುದೇ ಆ ಭೂಮಿಯ ಮೇಲೆ ಎಷ್ಟು ಕಣ್ಣುಗಳಿದ್ದುವೆಂಬುದನ್ನು ಹೇಳುತ್ತದೆ. ಆ ಅವಧಿ ಮುಗಿದದ್ದು 1993ರಲ್ಲಿ. ವೈಟ್‌ಫೀಲ್ಡಿನ ತಂತ್ರಜ್ಞಾನ ಪಾರ್ಕಿನ ಕಟ್ಟಡಗಳು ಏಳತೊಡಗಿದ್ದು ಅದರ ಬೆನ್ನಿಗೇ.

ಇದೇ ಕಾಲದಲ್ಲಿ, ಇದೇ ದಿಕ್ಕಿನಲ್ಲಿ, ಇನ್ನೊಂದು ಬಗೆಯ ಕೆಲಸಗಾರ ಬೆಳೆಯುತ್ತಿದ್ದ. 1940ರಲ್ಲಿ ಆರಂಭವಾದ ವಿಮಾನ ಕಾರ್ಖಾನೆ ದೊಡ್ಡನೆಕ್ಕುಂದಿಗೆ ದೂರದ್ದಲ್ಲ. ಒಂದು ವರ್ಷ ನಿರಂತರ ದುಡಿದ ಕಾರ್ಮಿಕನನ್ನು ಹೆಚ್ಚುವರಿಯೆಂದು ತೆಗೆಯುವುದಾದರೆ, ಕಾರಣ ಕಾಣಿಸಿ ಒಂದು ತಿಂಗಳ ಲಿಖಿತ ನೋಟಿಸನ್ನಾಗಲಿ ಅದಕ್ಕೆ ಬದಲು ಸಂಬಳವನ್ನಾಗಲಿ ಕೊಡತಕ್ಕದ್ದೆಂದು ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಬಂದ ತಿದ್ದುಪಡಿ ವಿಧಿಸಿತ್ತು. ಒಂದು ಚೀಟಿ ಕೊಡುವುದು ಅಲ್ಪದ ಮಾತೆಂದು ತೋರಬಹುದು. ಆದರೆ ‘ನೀನು ಇಲ್ಲಿ ಕೆಲಸದಲ್ಲಿದ್ದೆ’ ಎಂಬುದನ್ನು ಒಪ್ಪಿಕೊಳ್ಳದೆ ‘ನಿನಗೆ ಇನ್ನು ಕೆಲಸವಿಲ್ಲ’ ಎಂದು ಬರೆಯುವುದು ಸಾಧ್ಯವಿಲ್ಲ. ಕಾರ್ಖಾನೆಯ ಕಾರ್ಮಿಕನಿಗೆ ಕಾನೂನು ಕೊಟ್ಟ ಈ ಮನ್ನಣೆ, ಪಕ್ಕದ ಹಳ್ಳಿಯ ನೀರಗಂಟಿಗೆ ದೊರೆಯಲಿಲ್ಲ.

ಅವನನ್ನು ಬಿಟ್ಟುದರಿಂದ ನಷ್ಟ ಅವನೊಬ್ಬನದೇ ಎಂದು ತಿಳಿದೆವು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದಲ್ಲಿ ಸುರಿದ ಮಳೆಗೆ ಕೆರೆಗಳು ಉಕ್ಕಿ, ಒತ್ತುವರಿಯಾದ ರಾಜಕಾಲುವೆಗಳಲ್ಲಿ ನೀರು ಹರಿಯಲಾರದೆ, ಹೊರವರ್ತುಲ ರಸ್ತೆ ಮುಳುಗಿತು. ಕಂಪನಿಗಳ ಉದ್ಯೋಗಿಗಳು ಟ್ರ್ಯಾಕ್ಟರುಗಳಲ್ಲಿ ನಿಂತು ಕಚೇರಿಗೆ ಹೋದ ಚಿತ್ರಗಳನ್ನು ಲೋಕವೆಲ್ಲ ಕಂಡಿತು. ಒಬ್ಬ ನೀರಗಂಟಿ ಇದ್ದಿದ್ದರೆ ಈ ಪ್ರವಾಹ ತಪ್ಪುತ್ತಿತ್ತೆಂದು ಹೇಳುವಷ್ಟು ಸರಳ ಬುದ್ಧಿ ನನ್ನದಲ್ಲ. ಕಾಲುವೆಯ ಮೇಲೆ ಕಟ್ಟಡ ಕಟ್ಟಿದರೆ ಯಾವ ಗುದ್ದಲಿಯೂ ನೀರಿಗೆ ದಾರಿ ಮಾಡಲಾರದು. ಆದರೆ ಇಷ್ಟನ್ನು ಹೇಳಬಲ್ಲೆ. ಮಳೆಗಾಲಕ್ಕೆ ಮುನ್ನ ಕಾಲುವೆಯುದ್ದಕ್ಕೂ ನಡೆದು ನೋಡುವುದೇ ತನ್ನ ಬದುಕಾಗಿದ್ದ ಮನುಷ್ಯ ಊರೂರಿಗೆ ಇದ್ದ. ಅವನ ಹುದ್ದೆಯನ್ನು ತೆಗೆದ ಕಾಯಿದೆ, ಅವನ ಕೆಲಸವನ್ನು ಇನ್ನು ಯಾರು ಮಾಡತಕ್ಕದ್ದು ಎಂದು ಕೇಳಿಕೊಳ್ಳಲಿಲ್ಲ. ಶಾನುಭೋಗನ ಲೆಕ್ಕಕ್ಕೆ ಉತ್ತರಾಧಿಕಾರಿ ಬಂದ. ನೀರಿನ ಲೆಕ್ಕಕ್ಕೆ ಬರಲಿಲ್ಲ.

ಈಗ ಆ ಅಚ್ಚುಕಟ್ಟುಗಳ ಜಾಗದಲ್ಲಿ ಎದ್ದ ಕಚೇರಿಗಳಲ್ಲಿಯೂ ಹೇಳದೆ ತೆಗೆಯುವ ರೀತಿ ಅಪರಿಚಿತವಲ್ಲ. ಅಲ್ಲಿ ದುಡಿಯುವ ತರುಣರ ಬಾಯಲ್ಲಿ ‘ಬೆಂಚು’ ಎಂಬ ಮಾತನ್ನು ನಾನು ಕೇಳಿದ್ದೇನೆ. ಕೈಯಲ್ಲಿದ್ದ ಪ್ರಾಜೆಕ್ಟು ಮುಗಿದು ಹೊಸದು ಬಾರದ ಸ್ಥಿತಿ ಅದು. ಸಂಬಳ ಬರುತ್ತಿರುತ್ತದೆ, ಹುದ್ದೆಯ ಹೆಸರು ಇರುತ್ತದೆ. ಆದರೆ ಸಭೆಗೆ ಕರೆ ಬರುವುದು ನಿಲ್ಲುತ್ತದೆ, ಕೇಳಿದ ಪ್ರಶ್ನೆಗೆ ಉತ್ತರ ತಡವಾಗುತ್ತದೆ. ಕಡೆಗೆ ತಾನಾಗಿಯೇ ರಾಜೀನಾಮೆ ಬರೆದುಕೊಡುವಂತೆ ಸೂಚನೆ ಬರುತ್ತದೆ. ಹೀಗಾದಾಗ ‘ತೆಗೆದರು’ ಎಂಬ ಕ್ರಿಯಾಪದಕ್ಕೆ ಕರ್ತೃವೇ ಇಲ್ಲವಾಗುತ್ತಾನೆ. ದಾಖಲೆಯಲ್ಲಿ ಉಳಿಯುವುದು ‘ಬಿಟ್ಟನು’ ಎಂಬ ಮಾತು. ನೀರಗಂಟಿಯ ವಿಷಯದಲ್ಲಿಯೂ ಜನ ಹೇಳುವುದು ಹಾಗೆಯೇ: ‘ಅವರು ಈಗ ಆ ಕೆಲಸ ಬಿಟ್ಟಿದ್ದಾರೆ.’

ನೀರಗಂಟಿ ಎಂಬ ಶಬ್ದ ಮಾತ್ರ ಸತ್ತಿಲ್ಲ. ಹಲವು ಗ್ರಾಮ ಪಂಚಾಯಿತಿಗಳಲ್ಲಿ ಪಂಪಿನ ಗುಂಡಿಯೊತ್ತಿ ನಲ್ಲಿಗೆ ನೀರು ಬಿಡುವ ನೌಕರನನ್ನು ಜನ ಇಂದಿಗೂ ಆ ಹೆಸರಿನಿಂದ ಕರೆಯುತ್ತಾರೆ. ನಗರದ ಕೊಳೆನೀರನ್ನು ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ. ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾದ ಮೇಲೆ, ಒಣಗಿದ್ದ ಕೆರೆಗಳು ಮತ್ತೆ ತುಂಬಿವೆ. ಕೆರೆ ತುಂಬಿದಲ್ಲಿ ಕಾಲುವೆ, ತೂಬು, ಕೋಡಿಗಳನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕೇ ಬೇಕು. ಅವನನ್ನು ಮತ್ತೆ ನೇಮಿಸುವ ದಿನ ಬಂದರೆ, ಅದು ಜಾತಿಯಿಂದಾಗಲಿ ವಂಶದಿಂದಾಗಲಿ ಆಗಬಾರದು. ಸಂಬಳ ಗೊತ್ತುಮಾಡಿ, ಕೆಲಸವಿಷ್ಟೆಂದು ಬರೆದು, ಕೈಗೆ ಆದೇಶ ಕೊಟ್ಟು ಆಗಬೇಕು. ಮುಂದೊಂದು ದಿನ ಆ ಕೆಲಸ ಬೇಡವೆನಿಸಿದರೆ, ಅದನ್ನೂ ಅವನ ಮನೆಯ ಬಾಗಿಲಿಗೆ ಹೋಗಿ, ಅವನ ಹೆಸರು ಹಿಡಿದು, ಹೇಳಿಯೇ ಮುಗಿಸಬೇಕು.