ಸ್ವಮೋಹದ ವಿಚಾರ: ಗ್ರೆಗರಿಯಿಂದ ಕೋಹುಟ್‌ವರೆಗೆ

ತನ್ನನ್ನೇ ಮೆಚ್ಚಿಕೊಂಡು, ಆದರೂ ಅನ್ಯರ ಮೆಚ್ಚಿಕೆಯಿಲ್ಲದೆ ಒಂದು ದಿನವೂ ನೆಮ್ಮದಿಯಿಂದ ಇರಲಾರದ ಮನುಷ್ಯನನ್ನು ಎಲ್ಲ ಕಾಲದ ಜನರೂ ಕಂಡಿದ್ದಾರೆ. ಅವನನ್ನು ಏನೆಂದು ಕರೆಯಬೇಕೆಂಬುದೇ ನಮಗೆ ಮೊದಲ ತೊಡಕು. 'ನಾರ್ಸಿಸಿಸಂ' ಎಂಬ ಪಾಶ್ಚಾತ್ಯ ಶಬ್ದಕ್ಕೆ 'ಆತ್ಮರತಿ' ಎಂಬ ಪ್ರತಿಪದ ಕನ್ನಡದಲ್ಲಿ ಬಳಕೆಯಲ್ಲಿದೆ. ಆದರೆ ಛಾಂದೋಗ್ಯ, ಮುಂಡಕ ಉಪನಿಷತ್ತುಗಳಲ್ಲಿಯೂ ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿಯೂ ಈ ಶಬ್ದ ಬಂದಿರುವುದು ಜ್ಞಾನಿಯ ವಿಶೇಷಣವಾಗಿ. ಹೊರಗಿನದೇನನ್ನೂ ಬಯಸದವನು ಅಲ್ಲಿಯ ಆತ್ಮರತಿ; ನಾವು ಹೇಳಹೊರಟಿರುವವನಾದರೋ ಹೊರಗಿನ ಹೊಗಳಿಕೆಯನ್ನೇ ಉಂಡು ಬದುಕುವವನು. 'ಅಹಂಕಾರ'ವೂ ಸಾಂಖ್ಯರಲ್ಲಿ ಒಂದು ತತ್ತ್ವದ ಹೆಸರು, ಕೇವಲ ದೋಷದ ಹೆಸರಲ್ಲ. ಆದಕಾರಣ ಈ ಲೇಖನದಲ್ಲಿ 'ಸ್ವಮೋಹ' ಎಂಬ ಮಾತನ್ನು ಬಳಸಿದ್ದೇವೆ.

ಪಾಶ್ಚಾತ್ಯ ಶಬ್ದದ ಮೂಲ ಗ್ರೀಕ್ ಪುರಾಣದ ನಾರ್ಸಿಸಸ್. ರೋಮನ್ ಕವಿ ಓವಿಡ್ ಕ್ರಿ.ಶ. 8ರ ಸುಮಾರಿಗೆ ತನ್ನ 'ಮೆಟಮಾರ್ಫಸಿಸ್' ಕಾವ್ಯದ ಮೂರನೆಯ ಭಾಗದಲ್ಲಿ ಈ ಕಥೆಯನ್ನು ಹೇಳಿದ್ದಾನೆ. ಕೊಳದಲ್ಲಿ ತನ್ನ ಬಿಂಬವನ್ನು ಕಂಡು ಸೊರಗಿದ ಯುವಕನನ್ನು ಎಲ್ಲರೂ ಬಲ್ಲರು. ಅವನನ್ನು ಪ್ರೀತಿಸಿ ತಿರಸ್ಕೃತಳಾದ ಎಕೋ ಎಂಬ ವನದೇವತೆಯನ್ನು ನೆನೆಯುವವರು ಕಡಮೆ. ಆಕೆಗೆ ಸ್ವಂತ ಮಾತಿಲ್ಲ; ಅನ್ಯರು ಆಡಿದ ಕಡೆಯ ನುಡಿಯನ್ನಷ್ಟೇ ಮರಳಿ ನುಡಿಯಬಲ್ಲಳು. ಕೊನೆಗೆ ಆಕೆಯ ದೇಹವೂ ಕರಗಿ ದನಿಯೊಂದೇ ಉಳಿಯುತ್ತದೆ. ಸ್ವಮೋಹಿಯ ಜೊತೆ ಬಾಳುವವರ ಗತಿಯನ್ನು ಕವಿ ಅಂದೇ ಕಂಡಿದ್ದನೆನ್ನಬೇಕು. ಶಾಸ್ತ್ರಕಾರರು ಬಹುಕಾಲ ಯುವಕನನ್ನೇ ನೋಡಿದರು. ಎಕೋವಿನ ಕಡೆಗೆ ತಿರುಗಲು ಅವರಿಗೆ ತಡವಾಯಿತು.

ಕ್ರೈಸ್ತ ಚಿಂತನೆಯಲ್ಲಿ ಈ ದೋಷದ ಹೆಸರು ಗರ್ವ. ಅಗಸ್ಟೀನನು (354–430) 'ದೇವನಗರಿ' ಗ್ರಂಥದಲ್ಲಿ ಎರಡು ಪ್ರೀತಿಗಳು ಎರಡು ನಗರಗಳನ್ನು ಕಟ್ಟಿದುವೆಂದೂ, ಐಹಿಕ ನಗರದ ಮೂಲ ದೇವರನ್ನು ಅಲಕ್ಷಿಸುವಷ್ಟರ ಮಟ್ಟಿಗಿನ ಸ್ವಪ್ರೀತಿಯೆಂದೂ ಹೇಳಿದನು. ಸಾವಿರ ವರ್ಷಗಳಿಗೂ ಹೆಚ್ಚು ಕಾಲದ ಮೇಲೆ, 1515–16ರಲ್ಲಿ, ಲೂಥರನು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೇಲೆ ಪಾಠ ಹೇಳುತ್ತ ಪಾಪಿಯನ್ನು ತನ್ನೊಳಕ್ಕೇ ಬಾಗಿದ ಮನುಷ್ಯನೆಂದು ಬಣ್ಣಿಸಿದನು. ಇವೆಲ್ಲ ತತ್ತ್ವದ ಮಾತುಗಳು. ಅಂಥ ವ್ಯಕ್ತಿ ಎದುರಿಗೆ ಬಂದು ಕುಳಿತಾಗ ಏನು ಮಾಡಬೇಕೆಂಬುದಕ್ಕೆ ನಾವು ಮೊದಲನೆಯ ಗ್ರೆಗರಿಯ ಬಳಿಗೆ ಹೋಗಬೇಕು.

ಗ್ರೆಗರಿ ರೋಮಿನ ಸಿರಿವಂತ ಮನೆತನದವನು. ನಗರಾಧಿಕಾರಿಯಾಗಿದ್ದು, ಅದನ್ನು ಬಿಟ್ಟು ಸನ್ಯಾಸಿಯಾಗಿ, 590ರಲ್ಲಿ ಪೋಪ್ ಪದವಿಗೇರಿ, 604ರಲ್ಲಿ ತೀರಿಕೊಂಡನು. ಪದವಿಗೆ ಬಂದ ಹೊಸತರಲ್ಲಿ ಅವನು ಬರೆದ 'ಪಾಲಕನ ನಿಯಮ' ಎಂಬ ಪುಸ್ತಕ ಸಭೆಯ ಮೇಲ್ವಿಚಾರಕರಿಗೆ ಶತಮಾನಗಳ ಕಾಲ ಕೈಪಿಡಿಯಾಗಿತ್ತು. ಅಧಿಕಾರವನ್ನು ಒಳಗಿನಿಂದ ಕಂಡವನ ಅನುಭವ ಅದರಲ್ಲಿ ತುಂಬಿದೆ. ಮೇಲಿನವನು ಹೇಳಿದ್ದೆಲ್ಲ ಕ್ಷಣದಲ್ಲಿ ನಡೆಯುತ್ತದೆ. ಒಳ್ಳೆಯದಕ್ಕೆ ಎಲ್ಲರೂ ಹೊಗಳುತ್ತಾರೆ, ಕೆಟ್ಟದಕ್ಕೆ ಯಾರೂ ಎದುರಾಡುವುದಿಲ್ಲ. ಹೀಗಾಗಿ ಅವನು ತನ್ನ ಅಂತರಂಗವನ್ನು ಕೇಳುವುದನ್ನು ಬಿಟ್ಟು, ಹೊರಗೆ ಕೇಳಿಸುವ ಮಾತಿನಂತೆಯೇ ತಾನಿರುವೆನೆಂದು ನಂಬುತ್ತಾನೆ ಎಂದು ಗ್ರೆಗರಿ ವಿವರಿಸುತ್ತಾನೆ. ತನ್ನ ಕಣ್ಣಿಗೆ ಅಲ್ಪನಾಗಿದ್ದಷ್ಟು ಕಾಲ ಯೋಗ್ಯನಾಗಿದ್ದು ರಾಜನಾದ ಮೇಲೆ ಕೆಟ್ಟ ಸೌಲನೇ ಅವನ ದೃಷ್ಟಾಂತ. ಸಂಘಸಂಸ್ಥೆಗಳ ಸಮಾರಂಭಗಳನ್ನು ಬಲ್ಲ ನಮ್ಮ ವಾಚಕರಿಗೆ ಈ ವರ್ಣನೆಗೆ ಭಾಷ್ಯ ಬೇಕಾಗಲಾರದು.

ಇಂಥವನನ್ನು ತಿದ್ದುವ ಬಗೆ ಹೇಗೆ? ಗರ್ವಿಷ್ಠನಿಗೆ ಗದರಿಕೆಯೇ ಮದ್ದೆಂದು ನಾವು ಎಣಿಸುತ್ತೇವೆ. ಗ್ರೆಗರಿಯ ಮಾತು ಬೇರೆ. ಪುಸ್ತಕದ ಮೂರನೆಯ ಭಾಗದಲ್ಲಿ, ಗರ್ವಿಗಳಿಗೆ ಹೇಳುವ ತಿದ್ದುಪಡಿಯಲ್ಲಿ ಕೊಂಚ ಪ್ರಶಂಸೆಯನ್ನು ಬೆರೆಸಬೇಕೆನ್ನುತ್ತಾನೆ. ಪಳಗದ ಕುದುರೆಯನ್ನು ಮೊದಲು ಕೈಯಿಂದ ಸವರುವುದಿಲ್ಲವೆ? ಕಹಿ ಔಷಧಕ್ಕೆ ಜೇನು ಬೆರೆಸುವುದಿಲ್ಲವೆ? ಮೋಶೆ ತನ್ನ ಬಂಧುವಾದ ಹೋಬಾಬನನ್ನು, ನಮ್ಮೊಡನೆ ಬಂದರೆ ನಿನಗೆ ಒಳ್ಳೆಯದಾಗುವುದೆಂದು ಕರೆದಾಗ ಅವನು ಒಲ್ಲೆನೆಂದನು. ಆಗ ಮೋಶೆ, ಅರಣ್ಯದ ದಾರಿ ಬಲ್ಲವನು ನೀನು, ನಮಗೆ ಮಾರ್ಗದರ್ಶಿಯಾಗು ಎಂದು ಬೇಡಿದನು. ಮೋಶೆಗೆ ದಾರಿ ತಿಳಿಯದೆಂದಲ್ಲ. ದಾರಿ ತೋರಿಸುವವನೆಂಬ ಗೌರವ ಕೊಟ್ಟು ಅವನನ್ನೇ ದಾರಿಗೆ ತರುವ ಉಪಾಯವದು ಎಂಬುದು ಗ್ರೆಗರಿಯ ವ್ಯಾಖ್ಯಾನ.

ವೈದ್ಯರು ಈ ಕ್ಷೇತ್ರಕ್ಕೆ ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. 1898ರಲ್ಲಿ ಹ್ಯಾವ್‌ಲಾಕ್ ಎಲ್ಲಿಸ್, 1899ರಲ್ಲಿ ಪಾಲ್ ನೆಕ್ಕೆ, ಇಬ್ಬರೂ ನಾರ್ಸಿಸಸನ ಹೆಸರನ್ನು ಕಾಮವಿಕೃತಿಯೊಂದರ ಪ್ರಸಂಗದಲ್ಲಿ ಎತ್ತಿದರು. ಅದನ್ನು ಆ ಕಿರಿದಾದ ಅರ್ಥದಿಂದ ಬಿಡಿಸಿದವನು ಫ್ರಾಯ್ಡ್. 1914ರ ತನ್ನ ಪ್ರಬಂಧದಲ್ಲಿ ಅವನು ಸ್ವಮೋಹ ಎಲ್ಲ ಶಿಶುಗಳ ಬೆಳವಣಿಗೆಯಲ್ಲಿಯೂ ಸಹಜವಾದ ಒಂದು ಹಂತವೆಂದು ವಾದಿಸಿದನು. ಅದೇ ಪ್ರಬಂಧದಲ್ಲಿ ಒಂದು ಸೂಕ್ಷ್ಮವಾದ ಅವಲೋಕನವಿದೆ: ಸ್ವಂತ ಸ್ವಮೋಹದ ಒಂದು ಭಾಗವನ್ನು ತ್ಯಜಿಸಿದವರಿಗೆ ಇನ್ನೊಬ್ಬರ ಸ್ವಮೋಹ ಆಕರ್ಷಕವಾಗುತ್ತದೆ, ಮಗುವಿನ, ಬೆಕ್ಕಿನ, ದೊಡ್ಡ ಕಾಡುಮೃಗದ ಚೆಲುವು ಅವು ನಮ್ಮನ್ನು ಲೆಕ್ಕಿಸದಿರುವುದರಲ್ಲಿದೆ. ಸ್ವಮೋಹಿಯ ಸುತ್ತ ವಿನೀತರು ಏಕೆ ನೆರೆಯುತ್ತಾರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾವು ಕಂಡಿಲ್ಲ.

ಗ್ರೆಗರಿ ಎತ್ತಿದ ಪ್ರಶ್ನೆ, ಸವರಬೇಕೆ ಗದರಬೇಕೆ ಎಂಬುದು, ಮನೋವಿಶ್ಲೇಷಕರ ನಡುವೆ 1970ರ ದಶಕದಲ್ಲಿ ಮತ್ತೆ ತಲೆಯೆತ್ತಿತು. ವಾದಿ ಪ್ರತಿವಾದಿಗಳಿಬ್ಬರೂ ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ದೆಸೆಯಿಂದ ನಾಡು ತೊರೆದವರು. ಹೈನ್ಸ್ ಕೋಹುಟ್ (1913–1981) ಶಿಕಾಗೋ ಸೇರಿದನು. ಆಟೋ ಕರ್ನ್‌ಬರ್ಗ್ ಚಿಲಿಯಲ್ಲಿ ಬೆಳೆದು ಅನಂತರ ಅಮೆರಿಕಕ್ಕೆ ಬಂದನು. ಬಾಲ್ಯದಲ್ಲಿ ಮಗುವಿನ ಹಿಗ್ಗಿಗೆ ಕನ್ನಡಿಯಾಗುವ ಹಿರಿಯರ ಮುಖ ದೊರೆಯದಿದ್ದರೆ ಅದರ ಹಸಿವು ಆಯುಷ್ಯವಿಡೀ ಉಳಿಯುವುದೆಂದು ಕೋಹುಟ್ 1971ರ ಗ್ರಂಥದಲ್ಲಿ ನಿರೂಪಿಸಿದನು. ಚಿಕಿತ್ಸಕನು ಆ ಹಸಿವನ್ನು ಹಳಿಯದೆ ಮೊದಲು ಅರಿತುಕೊಳ್ಳಬೇಕು. 1975ರಲ್ಲಿ ಕರ್ನ್‌ಬರ್ಗ್ ಇದನ್ನು ಒಪ್ಪಲಿಲ್ಲ. ರೋಗಿಯ ದೊಡ್ಡಸ್ತಿಕೆಯ ಹಿಂದೆ ಅಸೂಯೆಯೂ ಕ್ರೋಧವೂ ಅಡಗಿವೆ. ಅವನ್ನು ಬಯಲಿಗೆ ತಂದು ಎದುರಿಸದೆ ಗುಣವಾಗದೆಂಬುದು ಅವನ ಪಕ್ಷ. ಕೋಹುಟ್ ಗ್ರೆಗರಿಗೆ ಸಮೀಪನೆಂದು ತೋರಬಹುದು. ಆದರೆ ಭೇದ ಸಣ್ಣದಲ್ಲ. ಗ್ರೆಗರಿಗೆ ಪ್ರಶಂಸೆ ಔಷಧವನ್ನು ನುಂಗಿಸುವ ಜೇನು. ಕೋಹುಟ್‌ನಿಗೆ ಅರಿತುಕೊಳ್ಳುವುದೇ ಔಷಧದ ಮುಖ್ಯಾಂಶ. ಒಬ್ಬನು ರೋಗಿಯ ಸಂಕಲ್ಪವನ್ನು ನೋಡಿದನು, ಇನ್ನೊಬ್ಬನು ಅವನ ಗಾಯವನ್ನು.

ಇನ್ನು ಎಕೋವಿನ ವಿಚಾರ. ಗರ್ವವೇ ಮೂಲಪಾಪವಾದರೆ ವಿನಯವೇ ಎಲ್ಲರಿಗೂ ಮದ್ದೆಂದಾಯಿತು. ಆಗ ಸ್ವಮೋಹಿಯ ಮನೆಯಲ್ಲಿ ದಿನವೂ ತಗ್ಗಿ ನಡೆಯುವ ಹೆಂಡತಿಯೋ ಮಗನೋ ಪಾದ್ರಿಯ ಬಳಿಗೆ ಹೋದರೆ ಅವರಿಗೂ ಇನ್ನಷ್ಟು ತಗ್ಗಬೇಕೆಂಬ ಉಪದೇಶವೇ ದೊರೆಯುವ ಅಪಾಯವಿದೆ. ರೈನ್‌ಹೋಲ್ಡ್ ನೀಬರ್ ಎಡಿನ್‌ಬರೋದಲ್ಲಿ 1939ರಲ್ಲಿ ನೀಡಿದ ಉಪನ್ಯಾಸಗಳಲ್ಲಿ ಗರ್ವದ ಸಿದ್ಧಾಂತಕ್ಕೆ ಹೊಸ ಬಲ ತಂದಿದ್ದನು. 1960ರಲ್ಲಿ ವ್ಯಾಲರಿ ಸೇವಿಂಗ್ ಎಂಬ ವಿದುಷಿ ಒಂದು ಲೇಖನದಲ್ಲಿ ಇದಕ್ಕೆ ಆಕ್ಷೇಪವೆತ್ತಿದಳು: ಇದು ಪುರುಷರ ಅನುಭವದಿಂದ ಕಟ್ಟಿದ ಸಿದ್ಧಾಂತ, ಅನೇಕ ಸ್ತ್ರೀಯರ ದೋಷ ತನ್ನನ್ನು ಮೆರೆಯಿಸುವುದಲ್ಲ, ತನ್ನತನವನ್ನೇ ಕಳೆದುಕೊಳ್ಳುವುದು. ಆಕೆಯ ಮಾತು ಸರಿಯೆಂದೇ ನಮ್ಮ ಮತ. ಸೋಜಿಗವೆಂದರೆ ಗ್ರೆಗರಿಯೇ ಆ ಮೂರನೆಯ ಭಾಗದ ಪೀಠಿಕೆಯಲ್ಲಿ ಒಂದು ರೋಗವನ್ನು ತಗ್ಗಿಸುವ ಔಷಧ ಇನ್ನೊಂದನ್ನು ಉಲ್ಬಣಿಸುವುದೆಂದೂ, ಬಲಿಷ್ಠನಿಗೆ ಬಲ ಕೊಡುವ ರೊಟ್ಟಿ ಹಸುಳೆಯನ್ನು ಕೊಲ್ಲುವುದೆಂದೂ ಎಚ್ಚರಿಸಿದ್ದನು. ಅದನ್ನು ಮರೆತ ದೋಷ ಉಪದೇಶಕರದು.

ವೈದ್ಯರ ಹೆಸರಿಡುವಿಕೆಯೂ ಸ್ಥಿರವಾಗಿಲ್ಲ. ಅಮೆರಿಕದ ಮನೋವೈದ್ಯರ ಸಂಘ 1980ರ ತನ್ನ ಕೈಪಿಡಿಯಲ್ಲಿ ಸ್ವಮೋಹವನ್ನು ವ್ಯಕ್ತಿತ್ವದೋಷಗಳ ಪಟ್ಟಿಗೆ ಸೇರಿಸಿತು. 2013ರ ಆವೃತ್ತಿಯಂತೆ ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಗೆ ಬಂದ ವರ್ಗೀಕರಣದಲ್ಲಾದರೋ ಈ ಹೆಸರಿನ ಪ್ರತ್ಯೇಕ ರೋಗವಿಲ್ಲ. ವ್ಯಕ್ತಿತ್ವದೋಷದ ತೀವ್ರತೆಯನ್ನು ಅಳೆದು ಗುಣಗಳನ್ನು ಗುರುತಿಸಬೇಕೆಂದಷ್ಟೇ ಇದೆ. ಬೇಡದ ಬಂಧುವಿಗೆಲ್ಲ ಈ ಹೆಸರನ್ನು ಅಂಟಿಸುವವರು ಇದನ್ನು ಗಮನಿಸಬೇಕು.

ಹೆಸರಿಡದೆಯೂ ವ್ಯವಹರಿಸಿದ ಒಂದು ನಿದರ್ಶನ ಹೊಸ ಒಡಂಬಡಿಕೆಯಲ್ಲಿಯೇ ಇದೆ. ಯೋಹಾನನ ಮೂರನೆಯ ಪತ್ರಿಕೆಯಲ್ಲಿ ಸಭೆಯ ಹಿರಿಯನೊಬ್ಬನು, ಮೊದಲ ಸ್ಥಾನವನ್ನೇ ಬಯಸುವ ದಿಯೊತ್ರೇಫನ ವಿಷಯವನ್ನು ಗಾಯನೆಂಬವನಿಗೆ ಬರೆಯುತ್ತಾನೆ. ಅವನು ಹಿರಿಯನ ಮೇಲೆ ಹರಟುತ್ತಾನೆ, ಅತಿಥಿಗಳಾಗಿ ಬಂದ ಸಹೋದರರನ್ನು ಸೇರಿಸುವುದಿಲ್ಲ, ಸೇರಿಸಿಕೊಳ್ಳುವವರನ್ನು ಸಭೆಯಿಂದ ಹೊರಹಾಕುತ್ತಾನೆ. ಹಿರಿಯನು ಗಾಯನಿಗೆ ಸಹಿಸಿಕೋ ಎನ್ನುವುದಿಲ್ಲ. ತಾನು ಬಂದಾಗ ಅವನ ಕೃತ್ಯಗಳನ್ನು ಎಲ್ಲರ ಮುಂದೆ ಎತ್ತುವೆನೆನ್ನುತ್ತಾನೆ, ಅವನಂತೆ ನಡೆಯಬೇಡವೆನ್ನುತ್ತಾನೆ, ಎಲ್ಲರಿಂದ ಒಳ್ಳೆಯವನೆನಿಸಿಕೊಂಡ ದೇಮೇತ್ರಿಯನ ಹೆಸರನ್ನು ತಿಳಿಸುತ್ತಾನೆ. ಮಿಕ್ಕ ಮಾತನ್ನು ಮುಖಾಮುಖಿ ಆಡುವ ನಿರೀಕ್ಷೆಯೊಡನೆ ಪತ್ರ ಮುಗಿಯುತ್ತದೆ.